ದಾನವೋ ಹಕ್ಕೋ: ಮಂಗಳೂರಿನ ಕಾಂಗ್ರೆಸ್ ಬಣಗಳ ಹಿಂದಿದ್ದ ಧರ್ಮಪ್ರಶ್ನೆ

ಉಳ್ಳವನು ಮನಸ್ಸು ಕರಗಿ ಕೊಡಬೇಕೋ, ಇಲ್ಲದವನು ತನ್ನದೆಂದು ಕೇಳಿ ಪಡೆಯಬೇಕೋ ಎಂಬ ಪ್ರಶ್ನೆ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸನ್ನು ಹಲವು ದಶಕ ಒಳಗಿಂದಲೇ ಕಾಡಿತು. ಗಾಂಧೀವಾದಿಗಳು, ಸಮಾಜವಾದಿಗಳು, ಕಮ್ಯುನಿಸ್ಟರು ಎಂದು ಅದರೊಳಗೆ ಎದ್ದ ಬಣಗಳ ಕಥೆಯನ್ನು ಸಾಮಾನ್ಯವಾಗಿ ಸ್ಥಾನಮಾನದ ಜಗಳವೆಂದೇ ಹೇಳುವುದುಂಟು. ಆ ಜಗಳ ಇರಲಿಲ್ಲವೆಂದಲ್ಲ. ಆದರೆ ತಳದಲ್ಲಿದ್ದದ್ದು ಧರ್ಮದ ಪ್ರಶ್ನೆ: ಅನ್ಯಾಯ ಇರುವುದು ಮನುಷ್ಯನ ಮನಸ್ಸಿನಲ್ಲೋ, ಆಸ್ತಿಯ ಏರ್ಪಾಟಿನಲ್ಲೋ? ಮಂಗಳೂರಿನಲ್ಲಿ ಇದು ಬರಿಯ ಪುಸ್ತಕದ ವಾದವಾಗಿರಲಿಲ್ಲ. ಮೂರೂ ದಾರಿಗಳಲ್ಲಿ ಮುಂದೆ ನಡೆದವರನ್ನು ಈ ಒಂದೇ ಊರು ಕೊಟ್ಟಿತ್ತು.

ಮೊದಲ ದಾರಿಯವರು ಕಾರ್ನಾಡ್ ಸದಾಶಿವ ರಾಯರು. 1881ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದ ವಕೀಲರು. ವಿಧವೆಯರಿಗೂ ಬಡ ಹೆಂಗಸರಿಗೂ ಆಸರೆಯಾಗಲೆಂದು ಮಹಿಳಾ ಸಭೆ ಕಟ್ಟಿದರು. 1919ರಲ್ಲಿ ಗಾಂಧೀಜಿ ಸತ್ಯಾಗ್ರಹದ ಪ್ರತಿಜ್ಞೆಗೆ ಕರೆ ಕೊಟ್ಟಾಗ ಕರ್ನಾಟಕದಿಂದ ಮೊದಲು ಸಹಿ ಹಾಕಿದವರು ಇವರೇ. ವಕೀಲಿಕೆ ಬಿಟ್ಟರು, ಆಸ್ತಿಯನ್ನು ಚಳವಳಿಗೆ ಸುರಿದರು, ಜೈಲು ಕಂಡರು. 1936ರ ಡಿಸೆಂಬರಿನಲ್ಲಿ ಫೈಜ್‌ಪುರದ ಕಾಂಗ್ರೆಸ್ ಅಧಿವೇಶನಕ್ಕೆ ಹೋದವರು ಜ್ವರ ಹಿಡಿದು, 1937ರ ಜನವರಿ 9ರಂದು ಮುಂಬಯಿಯಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅವರದೆನ್ನುವ ಸ್ವತ್ತು ಉಳಿದಿರಲಿಲ್ಲ. ಮಂಗಳೂರಿನ ನಡುಮಧ್ಯದ ಕೆ.ಎಸ್. ರಾವ್ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಆ ಎರಡಕ್ಷರ ಯಾರದೆಂದು ಬಲ್ಲವರು ಕಡಿಮೆ. ಬೆಂಗಳೂರಿನ ಸದಾಶಿವನಗರಕ್ಕೆ ಹೆಸರು ಬಂದದ್ದೂ ಇವರಿಂದಲೇ.

ಅದೇ ಜನವರಿಯಲ್ಲಿ ಗಾಂಧೀಜಿ ತಿರುವಾಂಕೂರಿನ ಪ್ರವಾಸದಲ್ಲಿದ್ದರು. ಊರೂರಿನ ಸಭೆಗಳಲ್ಲಿ ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರವನ್ನು ಬಿಡಿಸಿ ಹೇಳುತ್ತಿದ್ದರು. ಜಗತ್ತೆಲ್ಲ ಈಶನದು, ಬಿಟ್ಟುಕೊಟ್ಟು ಉಣ್ಣುವುದೇ ಬದುಕು, ಪರರ ಸೊತ್ತಿಗೆ ಆಸೆಪಡಕೂಡದು. ಧರ್ಮದರ್ಶಿತ್ವ ಎಂಬ ಅವರ ವಿಚಾರಕ್ಕೆ ಬೇರು ಇಲ್ಲಿದೆ. ಧನಿಕನು ಧನದ ಒಡೆಯನಲ್ಲ, ಕಾವಲುಗಾರ. ಅವನಿಂದ ಕಸಿದರೆ ಕಸಿದವನ ಮನಸ್ಸೂ ಕೆಡುತ್ತದೆ. ಅವನ ಮನಸ್ಸನ್ನೇ ತಿರುಗಿಸಿದರೆ ಇಬ್ಬರೂ ಉಳಿಯುತ್ತಾರೆ. ಇದನ್ನು ಶ್ರೀಮಂತರ ಪರ ವಕಾಲತ್ತು ಎಂದು ತಳ್ಳಿಹಾಕಿದವರು ಸದಾಶಿವ ರಾಯರಂಥ ಬದುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಂತ್ರವನ್ನು ಅಕ್ಷರಶಃ ಬದುಕಿದ ಮನುಷ್ಯ ಇಲ್ಲಿದ್ದರು. ಆದರೆ ಆ ಬದುಕಿನಿಂದಲೇ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಜಿಲ್ಲೆಯಲ್ಲಿ ಜಮೀನಿದ್ದ ಕಾಂಗ್ರೆಸ್ಸಿಗರು ಎಷ್ಟೋ ಮಂದಿ. ಹಾಗೆ ಬರಿಗೈಯಾದವರು ಬೆರಳೆಣಿಕೆ. ಒಬ್ಬನ ತ್ಯಾಗವನ್ನು ಎಲ್ಲರ ನಿಯಮ ಮಾಡುವುದು ಹೇಗೆ?

ಈ ಪ್ರಶ್ನೆಯ ಭಾರ ತಿಳಿಯಬೇಕಾದರೆ ಅಂದಿನ ದಕ್ಷಿಣ ಕನ್ನಡದ ಗೇಣಿ ಪದ್ಧತಿಯನ್ನು ನೋಡಬೇಕು. ಮೂಲಗೇಣಿಯ ಒಕ್ಕಲಿಗೆ ಭೂಮಿ ಶಾಶ್ವತ, ಗೇಣಿಯೂ ಗೊತ್ತಾದದ್ದು. ಚಾಲಗೇಣಿಯವನಿಗೆ ಎರಡೂ ಇಲ್ಲ. ಧಣಿ ಹೇಳಿದಷ್ಟು ಅಳೆಯಬೇಕು, ಏಳು ಎಂದ ದಿನ ಏಳಬೇಕು. ಗೇಣಿ ಸಲ್ಲುತ್ತಿದ್ದದ್ದು ಅಕ್ಕಿಯ ಮುಡಿಗಳಲ್ಲಿ. ಬೈಹುಲ್ಲನ್ನು ಹಾಸಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಲೂ ಬಿಗಿದು, ಕೊಡತಿಯಿಂದ ಬಡಿದು ಉರುಟು ಮಾಡಿದ ಆ ಮುಡಿ ಒಂದು ಕಾಳು ಸೋರದಂತೆ ಮಳೆಗಾಲ ದಾಟುತ್ತಿತ್ತು. ಕಟ್ಟುವುದು ಒಕ್ಕಲಿನ ಕೈ, ಪೇರಿಸುವುದು ಧಣಿಯ ಮನೆಯಲ್ಲಿ. ಹಬ್ಬಕ್ಕೆ ಬಾಳೆಗೊನೆ, ಸೌತೆಕಾಯಿ ಬೇರೆ. ಮಳೆಗಾಲದ ಆಟಿ ತಿಂಗಳ ಅಭಾವದಲ್ಲಿ ಅದೇ ಒಕ್ಕಲು ಧಣಿಯ ಅಂಗಳದಲ್ಲಿ ನಿಂತು ಅಕ್ಕಿ ಕೇಳುತ್ತಿದ್ದ; ಒಳ್ಳೆಯ ಧಣಿ ಕೊಡುತ್ತಿದ್ದ. ಆ ಕೊಡುಗೆ ದಾನವೇ, ಅವನೇ ಬೆಳೆದದ್ದರ ಒಂದು ಪಾಲು ಹಿಂದಿರುಗಿದ್ದೇ? ಕರಾವಳಿಯಲ್ಲಿ ಸಮಾಜವಾದದ ವಿಚಾರಕ್ಕೆ ನೆಲ ಸಿಕ್ಕಿದ್ದು ಈ ಅಂಗಳದಲ್ಲಿ.

1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಮೂರನೆಯ ಮತ್ತು ಕೊನೆಯ ಸಲ ಮಂಗಳೂರಿಗೆ ಬಂದರು. ಮೇ ತಿಂಗಳಲ್ಲಿ ಪಟ್ನಾದಲ್ಲಿ ಸಮಾಜವಾದಿಗಳು ಸೇರಿ ಕಾಂಗ್ರೆಸ್ ಸಮಾಜವಾದಿ ಪಕ್ಷಕ್ಕೆ ಬುನಾದಿ ಹಾಕಿದರು. ಅಕ್ಟೋಬರಿನ ಮುಂಬಯಿ ಅಧಿವೇಶನದ ಹೊತ್ತಿಗೆ ಗಾಂಧೀಜಿ ಕಾಂಗ್ರೆಸ್ಸಿನ ಸದಸ್ಯತ್ವದಿಂದಲೇ ಹೊರಬಂದರು. ಎರಡು ದೃಷ್ಟಿಗಳು ಬೇರೆಯಾದದ್ದು ಒಂದೇ ವರ್ಷದಲ್ಲಿ ಹೀಗೆ ಕಾಣಿಸಿತು. ಹೊಸ ಬಣದ ಮುಂಚೂಣಿಯಲ್ಲಿದ್ದವರು ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು; ಬಾಲ್ಯದಲ್ಲೇ ವಿಧವೆಯಾಗಿ, ರೂಢಿ ಮೀರಿ ಓದಿ ಮರುಮದುವೆಯಾದವರು; 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ಅತ್ಯಲ್ಪ ಅಂತರದಲ್ಲಿ ಸೋತವರು. 1936ರ ಜನವರಿಯಲ್ಲಿ ಮೀರತ್ತಿನಲ್ಲಿ ನಡೆದ ಸಮಾಜವಾದಿ ಪಕ್ಷದ ಸಮ್ಮೇಳನಕ್ಕೆ ಅವರೇ ಅಧ್ಯಕ್ಷೆ. ಅಹಿಂಸೆ, ಜೈಲು, ಉಪ್ಪಿನ ಸತ್ಯಾಗ್ರಹ ಇವೆಲ್ಲ ಅವರ ಬದುಕೇ ಆಗಿದ್ದವು. ಹಾಗಿದ್ದೂ ದುಡಿಯುವವನ ಪಾಲು ಒಡೆಯನ ಒಳ್ಳೆಯತನಕ್ಕೆ ಕಟ್ಟುಬಿದ್ದಿರಬಾರದು ಎಂಬುದು ಆ ಬಣದ ಪಟ್ಟು. ಈ ಮಾತು ಹೆಂಗಸೊಬ್ಬಳಿಂದ ಬಂದಾಗ ಅದಕ್ಕೊಂದು ವಿಶೇಷ ತೂಕವಿತ್ತು: ಒಳ್ಳೆಯ ತಂದೆ, ಒಳ್ಳೆಯ ಗಂಡ ಸಿಕ್ಕರೆ ಮಾತ್ರ ಸಿಗುವ ಸ್ವಾತಂತ್ರ್ಯ ಎಂಥದೆಂದು ಬಲ್ಲವರು ಹೆಂಗಸರೇ.

ಮೂರನೆಯ ದಾರಿ ಇನ್ನೂ ಕಡಿದಾದದ್ದು. 1896ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಸ್.ವಿ. ಘಾಟೆ ಭಾರತ ಕಮ್ಯುನಿಸ್ಟ್ ಪಕ್ಷದ ಮೊದಲ ಪ್ರಧಾನ ಕಾರ್ಯದರ್ಶಿಯಾದರು. 1929ರಲ್ಲಿ ಮೀರತ್ ಪಿತೂರಿ ಮೊಕದ್ದಮೆಯಲ್ಲಿ ಸೆರೆಯಾದರು. ಸರಕಾರ ಪಕ್ಷವನ್ನು ನಿಷೇಧಿಸಿದ್ದ ಕಾಲದಲ್ಲಿ ಕಮ್ಯುನಿಸ್ಟರು ಕಾಂಗ್ರೆಸ್ ಸಮಾಜವಾದಿ ಪಕ್ಷದೊಳಗಿದ್ದೇ ಕೆಲಸ ಮಾಡಿದರು; 1940ರಲ್ಲಿ ಸಮಾಜವಾದಿಗಳು ಅವರನ್ನು ಹೊರಹಾಕಿದರು. ಇಲ್ಲಿ ಜಗಳ ಸಾಧನ ಮತ್ತು ಸಾಧ್ಯದ್ದು. ದಾರಿ ಶುದ್ಧವಿಲ್ಲದೆ ಗುರಿ ಶುದ್ಧವಾಗದು ಎಂದರು ಗಾಂಧೀವಾದಿಗಳು. ದಿನದಿನದ ಹಸಿವೇ ಹಿಂಸೆಯಾಗಿರುವಾಗ ಅದನ್ನು ಸಹಿಸುವ ದಾರಿ ಶುದ್ಧವೆನ್ನುವುದು ಹೇಗೆ ಎಂದು ಕಮ್ಯುನಿಸ್ಟರು ಮರುಪ್ರಶ್ನಿಸಿದರು. ಎರಡನೆಯ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು, ಮೊದಲನೆಯದನ್ನೂ. ಅಂದು ದಕ್ಷಿಣ ಕನ್ನಡಕ್ಕೇ ಸೇರಿದ್ದ ಕಾಸರಗೋಡು ತಾಲೂಕಿನ ಕಯ್ಯೂರಿನಲ್ಲಿ ರೈತರ ಹೋರಾಟದ ನಡುವೆ ಪೊಲೀಸನೊಬ್ಬ ಸತ್ತ. ಆ ಪ್ರಕರಣದಲ್ಲಿ 1943ರ ಮಾರ್ಚ್ 29ರಂದು ನಾಲ್ವರು ಯುವಕರನ್ನು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ನಿರಂಜನರ ‘ಚಿರಸ್ಮರಣೆ’ ಕಾದಂಬರಿಯ ವಸ್ತು ಇದೇ.

ಸ್ವಾತಂತ್ರ್ಯ ಬಂದ ಮೇಲೆ ಕಾಂಗ್ರೆಸ್ ತನ್ನ ನಿಯಮಾವಳಿ ತಿದ್ದಿ, ಪಕ್ಷದೊಳಗೆ ಪಕ್ಷ ಇರಕೂಡದೆಂದಿತು. 1948ರಲ್ಲಿ ಸಮಾಜವಾದಿಗಳು ಹೊರನಡೆದರು. ಕಮಲಾದೇವಿ ಚುನಾವಣೆಯ ರಾಜಕೀಯವನ್ನೇ ಬಿಟ್ಟು ಸಹಕಾರ ಸಂಘಗಳಿಗೂ ಕರಕುಶಲ ಕಲೆಗೂ ಬದುಕನ್ನು ಕೊಟ್ಟರು. ಸಹಕಾರದಲ್ಲಿ ಕೊಡುವವನು, ಪಡೆಯುವವನು ಎಂಬ ಭೇದವಿಲ್ಲ. ದಾನಕ್ಕೂ ಹಕ್ಕಿಗೂ ನಡುವೆ ಅವರು ಕಂಡ ದಾರಿ ಅದು. ಕಾಂಗ್ರೆಸ್ಸಿನಲ್ಲಿ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಅವುಗಳಲ್ಲಿ 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕಟ್ಟಿದ ಕೆನರಾ ಬ್ಯಾಂಕೂ ಇತ್ತು. ಜನರ ಉಳಿತಾಯದ ಧರ್ಮದರ್ಶಿ ಸ್ಥಾಪಕರೋ ಸರಕಾರವೋ ಎಂಬ ವಾದ ಊರಿನ ಮನೆಮಾತಿಗೇ ಬಂದಂತಾಯಿತು. ಆ ವರ್ಷದ ಕೊನೆಗೆ ಕಾಂಗ್ರೆಸ್ಸೇ ಒಡೆಯಿತು.

ಒಡೆದ ಪಕ್ಷದ ಇಂದಿರಾ ಬಣದಿಂದ ಮುಖ್ಯಮಂತ್ರಿಯಾದ ದೇವರಾಜ ಅರಸರ ಸರಕಾರ ಭೂಸುಧಾರಣೆಯ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು ಡಿಕ್ಲರೇಶನ್ ಕೊಟ್ಟು ಅದನ್ನು ತನ್ನ ಹೆಸರಿಗೆ ಕೇಳಬಹುದಾಯಿತು. ಚಾಲಗೇಣಿ ದಟ್ಟವಾಗಿದ್ದ ದಕ್ಷಿಣ ಕನ್ನಡದಲ್ಲಿ ಇದು ಮನೆಮನೆಯ ಮಾತಾಯಿತು. ಭೂನ್ಯಾಯ ಮಂಡಳಿಯ ಮುಂದೆ ಧಣಿಯೂ ಒಕ್ಕಲೂ ಅಕ್ಕಪಕ್ಕ ನಿಂತರು. ವಕೀಲರಿಗೆ ಅಲ್ಲಿ ಜಾಗವಿರಲಿಲ್ಲ, ತಮ್ಮ ಮಾತನ್ನು ತಾವೇ ಹೇಳಬೇಕಿತ್ತು. ಅಂಗಳದಲ್ಲಿ ತಲೆತಗ್ಗಿಸಿ ನಿಂತವನು ಅಲ್ಲಿ ತನ್ನ ಹೆಸರಿನ ಗೇಣಿ ರಶೀದಿ ತೆಗೆದು ಮೇಜಿನ ಮೇಲಿಟ್ಟ. ಎರಡು ಮೂರು ಎಕರೆಯ ಗೇಣಿಯನ್ನೇ ನಂಬಿದ್ದ ವಿಧವೆಯರ ಮನೆಗಳಿಗೆ ಇದೇ ಕಾಯಿದೆಯಿಂದ ಪೆಟ್ಟು ಬಿದ್ದದ್ದೂ ನಿಜ. ಆದರೂ ದಾನ ತಲೆಮಾರುಗಟ್ಟಲೆ ಮಾಡದ್ದನ್ನು ಹಕ್ಕು ಕೆಲವೇ ವರ್ಷಗಳಲ್ಲಿ ಮಾಡಿತು.

ಹಕ್ಕಿಗೂ ಒಂದು ಮೇರೆಯಿತ್ತು. ಅದು ಗೇಣಿಯ ಮೇಲೆ ನಿಂತಿತ್ತು. ಗೇಣಿಯೇ ಇಲ್ಲದವರನ್ನು ಮುಟ್ಟಲಿಲ್ಲ. ಒಕ್ಕಲಿನ ಕೆಳಗೆ ದುಡಿದ ಮೂಲದಾಳುಗಳು, ದಲಿತ ಕೂಲಿಗಳು ಕಾಯಿದೆಯಿಂದ ಪಡೆದದ್ದು ಹೆಚ್ಚೆಂದರೆ ತಾವಿದ್ದ ಗುಡಿಸಲಿನ ಅಡಿಸ್ಥಳ. ಸಮಾಜ ಸುಧಾರಕ ಕುದ್ಮುಲ್ ರಂಗರಾಯರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಂಗಳೂರಿನಲ್ಲಿ ಕೆಲಸಕ್ಕೆ ಇಳಿದದ್ದು ಇವರ ಅಜ್ಜಂದಿರ ಸಲುವಾಗಿಯೇ. ವರ್ಷ ವರ್ಷವೂ ಅದೇ ಗದ್ದೆಯಲ್ಲಿ ಬಗ್ಗಿ ನೇಜಿ ನೆಟ್ಟ ಹೆಂಗಸಿನ ಹೆಸರು ಯಾವ ಗೇಣಿಚೀಟಿನಲ್ಲೂ ಇರಲಿಲ್ಲ.