ಹಗೇವಿನ ಗಾಳಿ

ಬೈಲಹೊಂಗಲ ತಾಲೂಕಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದೆ. ವಿಸರಣೆಯ ಪಾಠ ಬಂದಾಗಲೆಲ್ಲ ಮೂಲೆಯಲ್ಲೊಂದು ಊದಿನಕಡ್ಡಿ ಹಚ್ಚಿಡುತ್ತಿದ್ದೆ. ಹಿಂದಿನ ಬೆಂಚಿಗೆ ವಾಸನೆ ಮುಟ್ಟಿದ ಕೂಡಲೇ, 'ನೋಡ್ರಿ, ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ ಹೋಗೂದು ನಿಸರ್ಗದ ನ್ಯಾಯ' ಎನ್ನುತ್ತಿದ್ದೆ. ವಾಸನೆಯನ್ನು ಅಷ್ಟು ಬೇಗ ಒಯ್ದದ್ದು ಬಹುಪಾಲು ಕಿಟಕಿಯ ಗಾಳಿ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಒಂದು ವರ್ಷ ಸವದತ್ತಿ ಕಡೆಯ ಹುಡುಗಿಯೊಬ್ಬಳು ಎದ್ದು, 'ಸರ್, ಹಂಗಾದ್ರ ಹಗೇವಿನ್ಯಾಗ ಇಳಿದಾಂವ ಯಾಕ ಸಾಯ್ತಾನ್ರಿ?' ಎಂದಳು.

ಹಗೇವು ಈಗ ಅಪರೂಪ. ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಕಟ್ಟಿ, ಜೋಳ ತುಂಬಿ, ಬಾಯಿಗೆ ಕಲ್ಲು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಕಾಳಿಗೂ ಜೀವವಿದೆ, ಅದೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕವನ್ನು ಕಾಳು, ಹುಳ, ಬೂಸುರು ಕೂಡಿ ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡು ತುಂಬುತ್ತದೆ. ಕಡೆಗೆ ಹುಳ ಉಸಿರುಗಟ್ಟಿ ಸಾಯುತ್ತದೆ, ಕಾಳು ಉಳಿಯುತ್ತದೆ. ಜೋಳ ಕಾಯುವ ಗಾಳಿಯೇ ಮನುಷ್ಯನನ್ನು ಕೊಲ್ಲುವ ಗಾಳಿ.

ನಮ್ಮ ಎದೆಯೊಳಗೆ ಸುಮಾರು ಮೂವತ್ತು ಕೋಟಿ ಗಾಳಿಚೀಲಗಳಿವೆ. ಅವುಗಳ ಗೋಡೆ ಕೂದಲೆಳೆಗಿಂತ ನೂರು ಪಾಲು ತೆಳು. ಹೊರಗಿನ ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕವಿರುವುದರಿಂದ ಅದು ಗೋಡೆ ದಾಟಿ ರಕ್ತಕ್ಕಿಳಿಯುತ್ತದೆ. ಆಮ್ಲಜನಕ ಸತ್ತುಹೋದ ಗಾಳಿ ಎಳೆದುಕೊಂಡರೆ ಅದೇ ಗೋಡೆ, ಅದೇ ನಿಯಮ. ದಿಕ್ಕು ಮಾತ್ರ ತಿರುಗುತ್ತದೆ. ರಕ್ತದಲ್ಲಿದ್ದದ್ದೂ ಗಾಳಿಗೆ ಹೊರಟುಹೋಗುತ್ತದೆ. ಬಾವಿಗೆ ಬಿದ್ದವ ಒದ್ದಾಡುತ್ತಾನೆ. ಇಲ್ಲಿ ಅಷ್ಟು ಹೊತ್ತೂ ಇಲ್ಲ, ನಾಲ್ಕು ಉಸಿರಿನಲ್ಲಿ ಎಚ್ಚರ ತಪ್ಪುತ್ತದೆ. ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ. ನಾನು ನ್ಯಾಯವೆಂದು ಕರೆದದ್ದು ಇದನ್ನೇ.

ಬಾಯಿ ತೆರೆದರೆ ಹೊರಗಿನ ಗಾಳಿ ಇಳಿಯುವುದಿಲ್ಲವೇ? ಇಳಿಯುತ್ತದೆ, ನಿಧಾನವಾಗಿ. ವಿಸರಣೆ ಕೂದಲೆಳೆಯಷ್ಟು ದೂರಕ್ಕೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಕೆಲಸ. ದೂರ ಹತ್ತು ಪಟ್ಟಾದರೆ ಹೊತ್ತು ನೂರು ಪಟ್ಟಾಗುತ್ತದೆ. ಹತ್ತಡಿ ಆಳಕ್ಕೆ ಅದೊಂದನ್ನೇ ನಂಬಿ ಕೂತರೆ ಎರಡು ಮೂರು ದಿನವೇ ಬೇಕು. ನೀರಿನಲ್ಲಂತೂ ಗಾಳಿಗಿಂತ ಹತ್ತು ಸಾವಿರ ಪಟ್ಟು ನಿಧಾನ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಹೊಲಗಳಲ್ಲಿ ನಿಂತಾಗ ಗೋವಿನಜೋಳ ಕೊಳೆತದ್ದು ನೀರು ಹೆಚ್ಚಾಗಿ ಎಂದೆವು; ನಿಜವಾಗಿ ಬೇರಿಗೆ ಉಸಿರು ಸಿಗದೆ. ಕಿತ್ತೂರ ಕಡೆಯ ಭತ್ತ ನಿಂತ ನೀರಲ್ಲೇ ಬದುಕುತ್ತದಲ್ಲ ಎಂದರೆ, ಅದರ ಕಾಂಡದೊಳಗೆ ಎಲೆಯಿಂದ ಬೇರಿನವರೆಗೆ ಗಾಳಿಯ ದಾರಿಯಿದೆ.

ಹುಡುಗಿಗೆ ಇಷ್ಟನ್ನೂ ಹೇಳಿದೆ. ಹೇಳದೆ ಬಿಟ್ಟದ್ದು ನಮ್ಮ ಮನೆಯ ಹಗೇವಿನದು. ನಮ್ಮ ಮುತ್ಯಾನಿಗೆ ಎಲ್ಲ ಗೊತ್ತಿತ್ತು: ಬಾಯಿ ತೆರೆದು ಒಂದು ದಿನ ಬಿಡಬೇಕು, ಕಂಬಳಿ ಬೀಸಿ ಗಾಳಿ ಆಡಿಸಬೇಕು, ಕಂದೀಲು ಇಳಿಬಿಡಬೇಕು, ಅದು ಆರಿದರೆ ಯಾರೂ ಇಳಿಯಬಾರದು. ಅವತ್ತು ಜೋಳ ಕೊಳ್ಳುವವರ ಚಕ್ಕಡಿ ಮುಂಜಾನೆಯೇ ಬಂದು ನಿಂತಿತ್ತು. ಕಂದೀಲು ಆರಿತು. 'ಗಾಳಿಗೆ ಆರೇತಿ, ಇಳಿ' ಎಂದ ಮುತ್ಯಾ. ಇಳಿದವರು ನಮ್ಮ ಮನೆಯವರಲ್ಲ, ಸಾಲಕ್ಕೆ ಜೀತವಿದ್ದ ಕಾಕಾ. ಹಗೇವಿಗೆ ನಮ್ಮ ಮನೆಯವರು ಯಾರೂ ಎಂದೂ ಇಳಿದದ್ದಿಲ್ಲ.

ನಿಸರ್ಗದ ನಿಯಮಕ್ಕೆ ಮೇಲು ಕೀಳು ಗೊತ್ತಿಲ್ಲ ಎಂದು ಆಮೇಲೆ ಎಷ್ಟೋ ಭಾಷಣಗಳಲ್ಲಿ ಕೇಳಿದ್ದೇನೆ, ನಾನೂ ಹೇಳಿದ್ದೇನೆ. ಗೊತ್ತಿಲ್ಲ, ನಿಜ. ಹಗ್ಗ ಯಾರ ಸೊಂಟಕ್ಕೆ ಎಂಬುದನ್ನು ಅದು ನಿರ್ಧರಿಸುವುದೂ ಇಲ್ಲ. ಮಲದ ಗುಂಡಿಗೆ ಮನುಷ್ಯರನ್ನು ಇಳಿಸಬಾರದೆಂದು 2013ರಲ್ಲಿ ಕಾಯ್ದೆ ಬಂತು. 2023ರಲ್ಲಿ ಸುಪ್ರೀಂ ಕೋರ್ಟು ಅಲ್ಲಿ ಸತ್ತವರ ಪರಿಹಾರವನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಇಳಿಸುವುದು ನಿಂತಿದ್ದರೆ ಆ ಮೊತ್ತ ಏರಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಗುಂಡಿಯ ಗಾಳಿ ಬೇರೆ, ಅಲ್ಲಿ ವಿಷವೂ ಇರುತ್ತದೆ. ಹಗ್ಗ ಅದೇ.

ಕಾಕಾ ಸಾಯಲಿಲ್ಲ. ಎರಡು ಬುಟ್ಟಿ ಮೇಲೆ ಬಂದವು, ಮೂರನೆಯದಕ್ಕೆ ದನಿ ಬರಲಿಲ್ಲ. ಸೊಂಟಕ್ಕೆ ಹಗ್ಗವಿದ್ದುದರಿಂದ ಎಳೆದುಕೊಂಡರು. ಅಂಗಳದಲ್ಲಿ ಮಲಗಿಸಿ ಮುಖಕ್ಕೆ ನೀರು ಹೊಡೆದರು. ನನಗೆ ಆಗ ಎಂಟು ವರ್ಷ, ಬೀಸಣಿಗೆ ಹಿಡಿದು ಗಾಳಿ ಹಾಕುವ ಕೆಲಸ ನನ್ನದು. ಕಣ್ಣು ತೆರೆದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುತ್ಯಾನ ಕಡೆ ನೋಡಿ, 'ಇನ್ನ ಎಷ್ಟ ಚೀಲ ಐತ್ರಿ ಗೌಡ್ರ?' ಎಂದು ಕೇಳಿದರು.