ವ್ರತಸ್ಥನ ಮನೆಗೆ ಬಂದ ಮಿತ್ರ

'ಅತಿಥಿ' ಎಂಬ ಶಬ್ದಕ್ಕೆ ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಎರಡು ಬಗೆಯ ನಿರ್ವಚನವನ್ನು ಕೊಟ್ಟಿದ್ದಾರೆ. ಸಂಯಮಕ್ಕೆ ಹಾನಿ ತಂದುಕೊಳ್ಳದೆ ಸಂಚರಿಸುವವನು ಅತಿಥಿ ಎಂಬುದು ಒಂದು; ಇಂಥ ದಿನವೇ ಬರುತ್ತಾನೆಂಬ ತಿಥಿನಿಯಮವಿಲ್ಲದವನು ಅತಿಥಿ ಎಂಬುದು ಇನ್ನೊಂದು. ಈ ಎರಡು ಲಕ್ಷಣಗಳಲ್ಲಿ ಯಾವುದೂ ಹೊಂದದ ಒಬ್ಬನು ಇಂದಿನ ಶ್ರಾವಕರ ಮನೆಗಳಿಗೆ ಮೇಲಿಂದ ಮೇಲೆ ಬರುತ್ತಿರುತ್ತಾನೆ. ಅವನು ಯಜಮಾನನ ಬಾಲ್ಯಮಿತ್ರ, ಅಥವಾ ಕಾಲೇಜಿನ ದಿನಗಳಲ್ಲಿ ಒಂದೇ ಕೋಣೆಯಲ್ಲಿ ವಾಸವಾಗಿದ್ದವನು. ಮುನಿಯಲ್ಲ, ವ್ರತಿಕನಲ್ಲ, ಅನೇಕ ವೇಳೆ ಜೈನನೂ ಅಲ್ಲ. ತಿಥಿಯಂತೂ ಅವನಿಗೆ ಉಂಟೇ ಉಂಟು: ಸರಕಾರದ ರಜೆಯು ಶನಿವಾರ ಭಾನುವಾರಗಳಿಗೆ ಕೂಡಿಬಂದಾಗ ರಾತ್ರಿಯ ರೈಲು ಹತ್ತಿ ಬಂದು ಮೂರನೆಯ ದಿನ ಮರಳುತ್ತಾನೆ. ಇಂಥವನ ಉಪಚಾರವು ಧರ್ಮದ ಲೆಕ್ಕಕ್ಕೆ ಸೇರುವುದೋ, ಅಥವಾ ಬರಿಯ ಲೋಕವ್ಯವಹಾರವೋ? ಅವನ ಬರವು ವ್ರತದ ದಿನಗಳಿಗೆ ತಾಗಿದರೆ ಯಾವುದು ಯಾವುದಕ್ಕೆ ದಾರಿ ಬಿಡಬೇಕು?

ಈ ಪ್ರಶ್ನೆ ಕೇವಲ ತರ್ಕಕ್ಕಾಗಿ ಎತ್ತಿದ್ದಲ್ಲ. ಭಾದ್ರಪದ ಶುಕ್ಲ ಚತುರ್ಥಿಯು ನಾಡಿಗೆಲ್ಲ ಗಣೇಶ ಚೌತಿ. ಅದರ ಮರುದಿನ, ಪಂಚಮಿಯಿಂದ ಚತುರ್ದಶಿಯವರೆಗೆ, ದಿಗಂಬರರಿಗೆ ದಶಲಕ್ಷಣ ಪರ್ವ. ಒಬ್ಬರ ರಜೆ ಮುಗಿಯುವಲ್ಲಿ ಇನ್ನೊಬ್ಬರ ವ್ರತ ತೊಡಗುತ್ತದೆ. 2023ರಲ್ಲಿ ಚೌತಿಯು ಸೆಪ್ಟೆಂಬರ್ 18ರ ಸೋಮವಾರ ಬಂದು, ಶನಿವಾರ ಭಾನುವಾರಗಳೊಡನೆ ಮೂರು ದಿನಗಳ ಬಿಡುವಾಯಿತು; ಮಂಗಳವಾರ ಪರ್ವ ಆರಂಭ. 2024ರಲ್ಲಿ ಚೌತಿಯು ಸೆಪ್ಟೆಂಬರ್ 7ರ ಶನಿವಾರ. ಭಾನುವಾರವೇ ಉತ್ತಮ ಕ್ಷಮೆಯ ದಿನ. ಬಂದ ಮಿತ್ರನು ಹಾಸಿಗೆಯಿಂದ ಏಳುವಾಗ ಮನೆಯವರು ಅಭಿಷೇಕಕ್ಕಾಗಿ ಬಸದಿಗೆ ಹೊರಟು ನಿಂತಿರುತ್ತಾರೆ.

ಶಾಸ್ತ್ರದಲ್ಲಿ ಈ ಮಿತ್ರನಿಗೆ ಸ್ಥಾನವೆಲ್ಲಿ ಎಂದು ಹುಡುಕಿದರೆ ಮೊದಲಿಗೆ ತೊಡಕೇ ಕಾಣುತ್ತದೆ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ದಾನವನ್ನು ನಾಲ್ಕು ವಿಧವಾಗಿ ವಿಂಗಡಿಸಿದ್ದಾರೆ. ಮಿತ್ರನು ಪಾತ್ರನಲ್ಲ, ಆಚಾರದಲ್ಲಿ ಸಮಾನನಾದ ಸಾಧರ್ಮಿಯೂ ಅಲ್ಲ, ಮನೆಯ ಉತ್ತರಾಧಿಕಾರಿಯಂತೂ ಅಲ್ಲ. ಉಳಿದುದು ದಯೆ. ಆದರೆ ಸಮಾನಸ್ಥಿತಿಯ ಗೆಳೆಯನಿಗೆ ದಯೆಯಿಂದ ಅನ್ನವಿಟ್ಟೆನೆಂದು ಬಗೆಯುವುದು ಅವನಿಗೆ ಮಾಡುವ ಅವಮಾನ. ಅವನ ಸ್ಥಾನವನ್ನು ದಾನದ ಪ್ರಕರಣದಲ್ಲಿ ಹುಡುಕುವುದಕ್ಕಿಂತ ಭಾವನೆಗಳ ಪ್ರಕರಣದಲ್ಲಿ ಹುಡುಕುವುದು ಯುಕ್ತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ಅವಿನೇಯರಲ್ಲಿ ಮಾಧ್ಯಸ್ಥ್ಯ ಎಂದು ವಿಧಿಸಿದ್ದಾರೆ. ಮೊದಲನೆಯದಾಗಿ ನಿಂತಿರುವುದು ಮೈತ್ರಿಯೇ. ಇರುವೆಗೂ ಮಿತ್ರನಾಗಬೇಕೆಂದು ನಿತ್ಯ ಭಾವಿಸುವವನು, ಮೂವತ್ತು ವರ್ಷದ ಗೆಳೆಯನು ಬಾಗಿಲಲ್ಲಿ ನಿಂತಾಗ ಪಂಚಾಂಗ ನೋಡಿ ಮುಖ ಸಣ್ಣದು ಮಾಡಿದರೆ, ಆ ಭಾವನೆ ಎಷ್ಟರಮಟ್ಟಿನದೆಂದು ಕೇಳಲೇಬೇಕಾಗುತ್ತದೆ.

ಉದಾಹರಣೆಗೆ ಹುಬ್ಬಳ್ಳಿಯ ಕಡೆಯ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಯಜಮಾನನಿಗೆ ಆಜೀವ ರಾತ್ರಿಭೋಜನತ್ಯಾಗ. ವೃದ್ಧ ತಾಯಿಗೆ ಪರ್ವದ ಹತ್ತೂ ದಿನ ಏಕಾಶನ. ಗೃಹಿಣಿಗೆ ಪಂಚಮಿಯಂದೂ ಚತುರ್ದಶಿಯಂದೂ ಉಪವಾಸ. ಗಣಪತಿಯನ್ನು ಕೂರಿಸುವ ಪದ್ಧತಿ ಮನೆಯಲ್ಲಿಲ್ಲದ ಬೆಂಗಳೂರಿನ ಗೆಳೆಯನೊಬ್ಬನು ಚೌತಿಯ ಬೆಳಿಗ್ಗೆ ಬಂದಿಳಿಯುತ್ತಾನೆ. ಅವನಿಗೆ ಮಧುಮೇಹ, ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ, ರಾತ್ರಿ ಮಲಗುವ ಮುನ್ನ ಏನಾದರೂ ತಿನ್ನಲೇಬೇಕೆಂದು ವೈದ್ಯರ ಕಟ್ಟಪ್ಪಣೆ. ಆ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಸೂರ್ಯಾಸ್ತವು ಸುಮಾರು 6-30ಕ್ಕೆ. ಅಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಮುಂಚೆಯೇ ಭೋಜನ ಮುಗಿಸುವ ನಿಯಮವುಳ್ಳ ಮನೆಯಲ್ಲಿ 5-45ಕ್ಕೆ ಒಲೆ ಆರುತ್ತದೆ. ಅಲ್ಲಿಂದ ಮರುದಿನದ ಸೂರ್ಯೋದಯದವರೆಗೆ ಹನ್ನೆರಡು ಗಂಟೆಗೂ ಮಿಕ್ಕ ಕಾಲ. ಇನ್ಸುಲಿನ್ ಮೈಯಲ್ಲಿದ್ದು ಹೊಟ್ಟೆ ಬರಿದಾದರೆ ರಕ್ತದ ಸಕ್ಕರೆ ಇಳಿದು, ಬೆವರು, ನಡುಕ, ಮತಿಭ್ರಮೆ, ಕೊನೆಗೆ ಮೂರ್ಛೆ ಉಂಟಾಗಬಹುದು. ಗೆಳೆಯನು ಸಂಕೋಚದ ಮನುಷ್ಯ. ವ್ರತದ ಮನೆಯಲ್ಲಿ ರಾತ್ರಿ ಊಟ ಕೇಳುವುದು ಹೇಗೆಂದು ಬಾಯಿ ಮುಚ್ಚಿಕೊಂಡು ಮಲಗಿಬಿಡುವ ಸಂಭವವೇ ಹೆಚ್ಚು.

ಇಲ್ಲಿ ಯಜಮಾನನಿಗೆ ಎದುರಾಗುವ ಶಾಸ್ತ್ರೀಯ ಶಂಕೆ ಕ್ಷುಲ್ಲಕವಾದುದಲ್ಲ. ಕರ್ಮಾಸ್ರವವು ಕೃತ, ಕಾರಿತ, ಅನುಮತ ಎಂಬ ಮೂರು ದಾರಿಗಳಿಂದಲೂ ಆಗುತ್ತದೆ. ತಾನು ಉಣ್ಣದಿದ್ದರೂ ಇನ್ನೊಬ್ಬನಿಗೆ ರಾತ್ರಿ ಉಣಿಸಿದರೆ ಕಾರಿತದೋಷವೂ, ಉಣ್ಣುವುದನ್ನು ಕಂಡು ಒಪ್ಪಿದರೆ ಅನುಮೋದನೆಯ ದೋಷವೂ ಬಂದಂತಾಗಲಿಲ್ಲವೇ? ಬರುತ್ತದೆ ಎನ್ನುವವರು ಉಂಟು. ಆದರೆ ಯಾರು ಯಾವ ವ್ರತವನ್ನು ಯಾವ ಮಟ್ಟದಲ್ಲಿ ಸ್ವೀಕರಿಸಿದ್ದಾರೆಂಬುದನ್ನು ಬಿಟ್ಟು ಹೀಗೆ ತೀರ್ಪು ಕೊಡಲಾಗದು. ಮನೋವಾಕ್ಕಾಯಗಳಿಂದಲೂ ಕೃತಕಾರಿತಾನುಮತಗಳಿಂದಲೂ, ನವಕೋಟಿಯಿಂದ, ತ್ಯಾಗ ಮಾಡಿದವನು ತನ್ನ ಕೈಯಿಂದ ರಾತ್ರಿ ಬಡಿಸಲಾರ. ಅವನು ಅದನ್ನು ನೇರವಾಗಿ ಹೇಳಿ, ಅಂಥ ನಿಯಮವಿಲ್ಲದ ಮನೆಯ ಕಿರಿಯರಿಗೆ ಆ ಭಾರವನ್ನು ಬಿಡುವುದೇ ಕ್ರಮ. ಆದರೆ ಬಹುಪಾಲು ಗೃಹಸ್ಥರ ತ್ಯಾಗವು ಆ ಮಟ್ಟದ್ದಲ್ಲ. ಔಷಧ ಮತ್ತು ನೀರಿಗೆ ಅಪವಾದವನ್ನಿಟ್ಟುಕೊಂಡೇ ಅನೇಕರು ಈ ನಿಯಮವನ್ನು ತೆಗೆದುಕೊಂಡಿರುತ್ತಾರೆ. ತನ್ನ ಜ್ವರಕ್ಕೆ ಅಪವಾದವುಂಟು, ಗೆಳೆಯನ ಮಧುಮೇಹಕ್ಕೆ ಇಲ್ಲ ಎಂಬುದು ವ್ರತನಿಷ್ಠೆಯಲ್ಲ, ಲೆಕ್ಕದ ಜಾಣತನ.

ರಾತ್ರಿಭೋಜನವನ್ನು ನಿಷೇಧಿಸಿದ ಕಾರಣವನ್ನೂ ನೆನೆಯಬೇಕು. ಕತ್ತಲೆಯಲ್ಲಿ ಕಣ್ಣಿಗೆ ಬೀಳದ, ದೀಪಕ್ಕೆ ಎರಗುವ ಸೂಕ್ಷ್ಮಜೀವಿಗಳ ಹಿಂಸೆ ಒಂದು. ಹೊತ್ತುಗೊತ್ತಿಲ್ಲದೆ ಉಣ್ಣುವ ರಾಗದ ಆಧಿಕ್ಯ ಇನ್ನೊಂದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಎರಡನ್ನೂ ಎತ್ತಿ ಹೇಳಿದ್ದಾರೆ. ಹಗಲಿನಲ್ಲೇ ತಟ್ಟಿದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಕಾಯಿಸಿ ಮುಚ್ಚಿಟ್ಟ ಹಾಲು ಇವನ್ನು ಗೆಳೆಯನ ಕೋಣೆಯಲ್ಲಿ ಹೊತ್ತು ಮುಳುಗುವ ಮೊದಲೇ ಇರಿಸಿದರೆ ರಾತ್ರಿ ಒಲೆ ಹೊತ್ತುವುದಿಲ್ಲ, ಆರಂಭವಿಲ್ಲ, ನಾಲಗೆಯ ಚಪಲಕ್ಕೂ ಅಲ್ಲಿ ಎಡೆಯಿಲ್ಲ. ಅವನು ತಿನ್ನುವುದು ರುಚಿಗಲ್ಲ, ಪ್ರಾಣಕ್ಕೆ. ಯಜಮಾನನು ಕೊಟ್ಟದ್ದು ಆಹಾರರೂಪದಲ್ಲಿರುವ ಔಷಧ. ಹಿಂಸೆಯು ಲೇಶವೂ ಇಲ್ಲವೆಂದು ಇದರರ್ಥವಲ್ಲ. ಪ್ರಮಾದವನ್ನು ಆದಷ್ಟು ಹಿಂಗಿಸಲಾಗಿದೆ ಎಂದಷ್ಟೇ ಅರ್ಥ; ಗೃಹಸ್ಥನ ಅಣುವ್ರತ ಇರುವುದೇ ಆ ಅಳತೆಯಲ್ಲಿ. ಜೈನ ಹೆಗ್ಗಡೆ ಮನೆತನದ ಆಡಳಿತದಲ್ಲಿರುವ ಧರ್ಮಸ್ಥಳದಲ್ಲಿ ಜಾತಿಮತಗಳನ್ನು ಕೇಳದೆ ಯಾತ್ರಿಕರಿಗೆ ಅನ್ನವಿಕ್ಕುವುದನ್ನೂ, ರಾತ್ರಿಯ ಪಂಕ್ತಿಯೂ ಅಲ್ಲಿ ನಡೆಯುವುದನ್ನೂ ಬಲ್ಲವರಿಗೆ ಈ ಮಾತು ಹೊಸದೆನಿಸದು.

ಹಾಗಾದರೆ ನಿಜವಾದ ದೋಷ ಎಲ್ಲಿ ನುಸುಳುತ್ತದೆ? ಅತಿಥಿಸಂವಿಭಾಗ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲಿನ ಎರಡು, ಸಚಿತ್ತದ ಮೇಲೆ ಆಹಾರವನ್ನಿಡುವುದು ಮತ್ತು ಸಚಿತ್ತದಿಂದ ಮುಚ್ಚುವುದು, ಮುನಿಗಳ ಆಹಾರಕ್ಕೆ ಸಂಬಂಧಿಸಿದವು. ಉಳಿದ ಮೂರು, ಪರವ್ಯಪದೇಶ, ಮಾತ್ಸರ್ಯ, ಕಾಲಾತಿಕ್ರಮ, ಯಾವ ಮನೆಯ ಯಾವ ಅಭ್ಯಾಗತನಿಗೂ ಅನ್ವಯಿಸುವಂತಿವೆ. ಕೊಡುವ ಹೊಣೆಯನ್ನು ಬೇರೊಬ್ಬರ ಮೇಲೆ ಹಾಕುವುದು ಪರವ್ಯಪದೇಶ. "ನಮ್ಮ ಅವ್ವಗ ಸರಿಬರೂದಿಲ್ಲೋ, ಇಲ್ಲಾಂದ್ರ ಮಾಡಬಹುದಿತ್ತು" ಎಂದು ತನ್ನ ವ್ರತವನ್ನು ಮುದಿ ತಾಯಿಯ ತಲೆಗೆ ಕಟ್ಟುವ ಯಜಮಾನರು ಎಷ್ಟೋ ಜನ. ಗೆಳೆಯನ ಕಣ್ಣಿಗೆ ತಾನು ಉದಾರಿ, ತಾಯಿ ಕಟುನಿಷ್ಠೆಯವಳು! ಆದರವಿಲ್ಲದೆ ಕೊಡುವುದು ಮಾತ್ಸರ್ಯ. ಹೊತ್ತು ಮೀರಿ ಕೊಡುವುದು ಕಾಲಾತಿಕ್ರಮ; ಹೊತ್ತು ಮೀರಿದ ಮೇಲೆ ತಿಳಿಸುವುದನ್ನೂ ಅದಕ್ಕೇ ಸೇರಿಸಬಹುದು. ಐದು ಮುಕ್ಕಾಲಿಗೆ ಊಟವೆಂಬುದನ್ನು ಐದೂವರೆಗೆ ತಿಳಿಸಿದರೆ, ಮೂರು ಗಂಟೆಗೆ ಹೊಟ್ಟೆ ತುಂಬ ಉಂಡವನು ಏನು ಮಾಡಿಯಾನು?

ಆದುದರಿಂದ ಈ ವಿಷಯದಲ್ಲಿ ಶ್ರಾವಕನ ಮೊದಲ ಕರ್ತವ್ಯ ಅಡಿಗೆಮನೆಯಲ್ಲಲ್ಲ, ಆಮಂತ್ರಣದಲ್ಲಿ. ಬಾ ಎನ್ನುವಾಗಲೇ, ಇಂಥ ದಿನದಿಂದ ಪರ್ವ, ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ಆಲೂಗಡ್ಡೆಗಳಿಲ್ಲ, ನಿನಗೆ ರಾತ್ರಿ ಮಾತ್ರೆಯೊಡನೆ ಏನು ಬೇಕೆಂಬುದನ್ನು ಸಂಕೋಚವಿಲ್ಲದೆ ತಿಳಿಸು ಎಂದು ನಾಲ್ಕು ಸಾಲು ಬರೆಯಬೇಕು, ಇಲ್ಲವೇ ಫೋನಿನಲ್ಲಿ ಹೇಳಬೇಕು. ಇದರಲ್ಲಿ ಗೆಳೆಯನನ್ನು ದೂರವಿಡುವ ಭಾವವಿಲ್ಲ. ಬರುವುದೋ, ಹದಿನೈದು ದಿನ ಕಳೆದು ಬರುವುದೋ ಎಂಬ ಆಯ್ಕೆಯನ್ನು ಅವನಿಗೇ ಬಿಟ್ಟಂತಾಗುತ್ತದೆ. ಮುಚ್ಚಿಟ್ಟ ವ್ರತವು ಅತಿಥಿಗೆ ಬಲೆಯಾಗುತ್ತದೆ; ಆರ್ಜವವು ದಶಧರ್ಮಗಳಲ್ಲಿ ಮೂರನೆಯದೆಂಬುದನ್ನು ಬಸದಿಯಲ್ಲಷ್ಟೇ ನೆನೆದರೆ ಸಾಲದು.

ಮನೆಯ ಹೆಂಗಸರ ಮಾತು ಇಂಥ ಚರ್ಚೆಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ, ಬರಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಉಪವಾಸದ ದಿನ ಆಹಾರವನ್ನು ಮಾತ್ರವಲ್ಲ, ಆರಂಭವನ್ನೂ ತ್ಯಜಿಸಬೇಕೆಂದು ಹೇಳಿ, ಆ ಹೊತ್ತನ್ನು ಧರ್ಮಶ್ರವಣಕ್ಕೂ ಧ್ಯಾನಕ್ಕೂ ಮೀಸಲಿಡುವಂತೆ ವಿಧಿಸಿದ್ದಾರೆ. ಪಂಚಮಿಯಂದು ನಿರಾಹಾರಳಾದ ಗೃಹಿಣಿ ಗೆಳೆಯನಿಗೆಂದು ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಹೋಳಿಗೆ, ನಾಲ್ಕಕ್ಕೆ ಚಹಾ, ಐದಕ್ಕೆ ರೊಟ್ಟಿ ಪಲ್ಯ ಎಂದು ಒಲೆಯ ಮುಂದೆಯೇ ದಿನ ಕಳೆದರೆ, ಉಪವಾಸ ಮಾಡಿದ್ದು ಅವಳ ಹೊಟ್ಟೆ ಮಾತ್ರ. ಅವಳ ಸ್ವಾಧ್ಯಾಯದ ಹೊತ್ತನ್ನು ಗಂಡನ ಆತಿಥ್ಯವು ನುಂಗಿತು. ಯಜಮಾನನು ಅತಿಥಿಸತ್ಕಾರದ ಪುಣ್ಯವನ್ನು ತನ್ನ ಹೆಸರಿಗೆ ಬರೆದುಕೊಂಡು ಆರಂಭದ ಭಾರವನ್ನು ಅವಳ ಪಾಲಿಗೆ ಬಿಡುವುದು ಯಾವ ನ್ಯಾಯ? ಆ ದಿನ ಉಪವಾಸವಿಲ್ಲದ ಯಜಮಾನನೇ ಒಲೆಯ ಮುಂದೆ ನಿಲ್ಲಲಿ, ಗೆಳೆಯನೂ ಕೈಗೂಡಿಸಲಿ. ಅನ್ನ ಸಾರು ಮಾಡಲು ಬಾರದ ಇಬ್ಬರು ಪದವೀಧರರು ಒಂದು ದಿನ ಅವಲಕ್ಕಿ ಹಾಲಿನಲ್ಲಿ ಕಳೆದರೆ ಸ್ನೇಹಕ್ಕೆ ಕುಂದು ಬಾರದು.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದುದು. ಒಬ್ಬಂಟಿಯಾಗಿದ್ದಾಗ ಸಹಜವಾಗಿ ನಡೆಯುವ ವ್ರತವು ಎದುರಿಗೆ ನೋಡುವವನೊಬ್ಬನು ಕುಳಿತೊಡನೆ ಬೇರೆ ಬಣ್ಣ ತಾಳುತ್ತದೆ. ಗೆಳೆಯನು ಎರಡನೆಯ ರೊಟ್ಟಿಗೆ ಕೈ ನೀಡುವಾಗ ತನ್ನ ಉಪವಾಸದ ಮಾತೆತ್ತುವುದು, ಅವನು ಅಳಸಿಂಗೆ ಎಂದು ಬೇರೆ ತಟ್ಟೆ ಇಡುವುದು, ಹಸಿವಿನ ಬಗ್ಗೆ ಹೊಗಳಿಕೆಗಾಗಿ ಕಾಯುವುದು, ಇವೆಲ್ಲ ಮಾನಕಷಾಯದ ಗುರುತುಗಳು. ಅನ್ನವನ್ನು ಬಿಟ್ಟು ಮಾನವನ್ನು ಉಂಡಂತೆ. ಅಮೃತಚಂದ್ರರ ದೃಷ್ಟಿಯಲ್ಲಿ ರಾಗಾದಿಗಳು ಹುಟ್ಟುವುದೇ ಹಿಂಸೆ. ಹಾಗಿದ್ದ ಮೇಲೆ, ಗೆಳೆಯನನ್ನು ಕೀಳಾಗಿ ಕಂಡ ಆ ಗಳಿಗೆಯ ಹಿಂಸೆಯು, ಅವನು ರಾತ್ರಿ ಹೊದಿಕೆಯೊಳಗೆ ತಿಂದ ರೊಟ್ಟಿಯ ಹಿಂಸೆಗಿಂತ ಕಡಿಮೆಯದೇ? ಅತ್ತ, ಗೆಳೆಯನ ಮನ ನೋಯುವುದೆಂದು ಒಂದು ರಾತ್ರಿಯ ಮಟ್ಟಿಗೆ ವ್ರತವನ್ನು ಮುರಿದು ಜೊತೆಗೆ ಉಣ್ಣುವವರೂ ಉಂಟು. ಅದು ಸ್ನೇಹವೆಂದು ತೋರಿದರೂ ಮರುದಿನ ಆ ಭಂಗದ ಹೊರೆ ಗೆಳೆಯನ ಮೇಲೆಯೇ ಬೀಳುತ್ತದೆ; ತನ್ನ ನಿಮಿತ್ತ ಹತ್ತು ವರ್ಷದ ನಿಯಮ ಹೋಯಿತೆಂದು ತಿಳಿದರೆ ಅವನು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲು ಅಳುಕುತ್ತಾನೆ.

ಸಮಂತಭದ್ರರು ನಾಲ್ಕನೆಯ ಶಿಕ್ಷಾವ್ರತವನ್ನು ವೈಯಾವೃತ್ಯವೆಂದು ಕರೆದು, ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ದಾನವೆಂದು ಎಣಿಸಿ, ಆವಾಸದಾನಕ್ಕೆ ಒಂದು ಹಂದಿಯನ್ನು ದೃಷ್ಟಾಂತವಾಗಿ ಸೂಚಿಸಿದ್ದಾರೆ. ಆ ಕಥೆ ವ್ಯಾಖ್ಯಾನದಲ್ಲಿದೆ. ಮಾಳವ ದೇಶದಲ್ಲಿ ಒಬ್ಬ ಕುಂಬಾರನೂ ಒಬ್ಬ ಕ್ಷೌರಿಕನೂ ಕೂಡಿ ದಾರಿಹೋಕರಿಗಾಗಿ ಒಂದು ವಸತಿಯನ್ನು ಕಟ್ಟಿಸಿದರು. ಕುಂಬಾರನು ಅಲ್ಲಿ ಒಬ್ಬ ಮುನಿಗಳನ್ನು ಇಳಿಸಿದನು. ಕ್ಷೌರಿಕನು ಬಂದು ಅವರನ್ನು ಹೊರಡಿಸಿ ತನಗೆ ಬೇಕಾದ ಪರಿವ್ರಾಜಕನನ್ನು ಇರಿಸಿದನು. ಮುನಿಗಳು ರಾತ್ರಿಯನ್ನು ಮರದಡಿ ಕಳೆದರು. ಬೆಳಗಾದಾಗ ಇಬ್ಬರೂ ಕಾದಾಡಿ ಸತ್ತು, ವಿಂಧ್ಯದ ಕಾಡಿನಲ್ಲಿ ಒಬ್ಬನು ಹಂದಿಯಾಗಿಯೂ ಮತ್ತೊಬ್ಬನು ಹುಲಿಯಾಗಿಯೂ ಹುಟ್ಟಿದರು. ಅಲ್ಲಿಯ ಗುಹೆಯಲ್ಲಿ ಮುನಿಗಳು ತಂಗಿದಾಗ ಹುಲಿ ತಿನ್ನಲು ಬಂದಿತು, ಹಂದಿ ಕಾಯಲು ಅಡ್ಡನಿಂತಿತು. ಎರಡೂ ಹೋರಾಡಿ ಮಡಿದವು. ಕಾಯ್ದ ಹಂದಿಗೆ ದೇವಗತಿ ದೊರೆಯಿತು. ಈ ಕಥೆಯಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಕ್ಷೌರಿಕನೂ ಅತಿಥಿಸತ್ಕಾರವನ್ನೇ ಮಾಡಿದನೆಂಬುದು. ಮೊದಲೇ ಒಳಗಿದ್ದವರನ್ನು ರಾತ್ರಿಯಲ್ಲಿ ಹೊರದೂಡಿ ತನ್ನವನಿಗೆ ಜಾಗ ಮಾಡಿದನು, ಅಷ್ಟೆ. ವ್ರತವೂ ಮನೆಯೊಳಗೆ ಮೊದಲೇ ಬಂದು ನೆಲೆಸಿದ್ದು. ಗೆಳೆಯನಿಗಾಗಿ ಅದನ್ನು ಹೊರದೂಡುವಂತಿಲ್ಲ. ಆದರೆ ಶ್ರಾವಕನ ಮನೆಯೇನು ಒಬ್ಬರೇ ಹಿಡಿಯುವಷ್ಟು ಕಿರಿದಾದ ವಸತಿಯಲ್ಲ.

ಇನ್ನು ಪ್ರತಿಯಾಗಿ ಶ್ರಾವಕನೇ ಆ ಗೆಳೆಯನ ಮನೆಗೆ ಹೋದಾಗ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಅಲ್ಲಿ ಅವನು ಅಭ್ಯಾಗತ. ವ್ರತ ಅವನದು, ಅಡಿಗೆಮನೆ ಅವರದು. ಸಂಜೆ ಐದಕ್ಕೇ ಬಿಸಿ ಅಡಿಗೆ ಆಗಲಿ, ಒಗ್ಗರಣೆಗೆ ಬೆಳ್ಳುಳ್ಳಿ ಬೀಳದಿರಲಿ, ಪಾತ್ರೆ ಬೇರೆ ಇರಲಿ ಎಂದು ಆ ಮನೆಯ ಗೃಹಿಣಿಯನ್ನು ಮೂರು ದಿನ ಓಡಾಡಿಸುವ ಹಕ್ಕು ಅವನಿಗೆ ಯಾವ ವ್ರತದಿಂದಲೂ ಬಾರದು. ಹಳೆಯ ತಲೆಮಾರಿನವರು ಪ್ರಯಾಣಕ್ಕೆ ಹೊರಟಾಗ ಚೀಲದಲ್ಲಿ ಅವಲಕ್ಕಿ, ಹುರಿಗಡಲೆ, ಬೆಲ್ಲ ಕಟ್ಟಿಕೊಂಡು, ನೀರು ಸೋಸುವ ಬಟ್ಟೆಯನ್ನು ಮಡಿಚಿ ಮೇಲಿಡುತ್ತಿದ್ದರು. ಹೋದ ಮನೆಯಲ್ಲಿ ಮಧ್ಯಾಹ್ನದ ಊಟವನ್ನು ಅವರೊಡನೆ ಕುಳಿತು ಉಂಡು, ಸಂಜೆ ಯಾರಿಗೂ ತೊಂದರೆ ಕೊಡದೆ ಜಗುಲಿಯ ಬೆಳಕಿರುವಾಗಲೇ ಚೀಲ ಬಿಚ್ಚಿಕೊಳ್ಳುತ್ತಿದ್ದರು. ರಾತ್ರಿ ಮನೆಯವರು ಎಲೆಯ ಮುಂದೆ ಕುಳಿತಾಗ ಎದ್ದುಹೋಗದೆ ಪಕ್ಕದಲ್ಲೇ ಕುಳಿತು ಊರಿನ ಸುದ್ದಿ ಹೇಳುತ್ತಿದ್ದರು.