ಟೈಟಸ್‌ಗೆ ಹೇಳಬೇಡಿ

ಇಂಗ್ಲೆಂಡಿನ ಬ್ರಾಡ್‌ಫರ್ಡ್ ಬಳಿ ಸಾಲ್ಟೇರ್ ಎಂಬ ಗಿರಣಿ ಊರನ್ನು ಕಟ್ಟಿಸಿದ ಟೈಟಸ್ ಸಾಲ್ಟ್ ದೈವಭಕ್ತ. ಊರೊಳಗೆ ಪಬ್ ಕೂಡದೆಂದ. ಬದಲಿಗೆ ಕಾರ್ಮಿಕರಿಗೆ 1871ರಲ್ಲಿ ಇನ್‌ಸ್ಟಿಟ್ಯೂಟ್ ಕೊಟ್ಟ: ಗ್ರಂಥಾಲಯ, ಉಪನ್ಯಾಸದ ಸಭಾಂಗಣ, ವ್ಯಾಯಾಮಶಾಲೆ.

ವಾಸ್ತುಶಿಲ್ಪಿಗಳಾದ ಲಾಕ್‌ವುಡ್ ಮತ್ತು ಮಾಸನ್ ಅದನ್ನು ಇಟಲಿಯ ಶೈಲಿಯಲ್ಲಿ ರೂಪಿಸಿದರು. ಮುಂದೆ ಎರಡು ಕಲ್ಲಿನ ಸಿಂಹಗಳು, ಎದುರಿನ ಶಾಲೆಯ ಮುಂದೆ ಇನ್ನೆರಡು. ನಾಲ್ಕಕ್ಕೂ ಹೆಸರುಂಟು: ಯುದ್ಧ, ಶಾಂತಿ, ಎಚ್ಚರ, ದೃಢಸಂಕಲ್ಪ.

ಈಗ ವಿಕ್ಟೋರಿಯಾ ಹಾಲ್ ಎನ್ನಿಸಿಕೊಳ್ಳುವ ಆ ಕಟ್ಟಡದಲ್ಲೇ ಬಿಯರ್ ಉತ್ಸವ ನಡೆದಿದೆ. ಅದೇ ಬೀದಿಯಲ್ಲಿ ತೆರೆದ ಬಾರೊಂದರ ಹೆಸರು ‘ಡೋಂಟ್ ಟೆಲ್ ಟೈಟಸ್’, ಅಂದರೆ ಟೈಟಸ್‌ಗೆ ಹೇಳಬೇಡಿ!

ಕಟ್ಟಿಸಿದವನ ವ್ರತ ಕಲ್ಲಿಗೂ ಅಂಟಿರುತ್ತದೆಯೇ? ಇಲ್ಲ, ವ್ರತ ಹಿಡಿಯುವುದು ಮನಸ್ಸು. ಆದರೆ ದುಡಿದು ದಣಿದವರು ಒಂದೆಡೆ ಕೂಡಲಿ ಎಂಬ ಅವನ ಆಸೆಯನ್ನು ಆ ಎತ್ತರದ ಚಾವಣಿ ಇಂದಿಗೂ ನಡೆಸಿಕೊಡುತ್ತಿದೆ.